ಹೊಟ್ಟೆಯ ಸುತ್ತಳತೆ ಮತ್ತು ರಕ್ತನಾಳದ ಗೋಡೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮ್ಮನ್ನು ಕರೆದು, ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕೇಳಿದ್ದಕ್ಕೆ ಮೊದಲು ನಮ್ಮ ವಂದನೆಗಳು. ಆರೋಗ್ಯ ಅಂದರೆ ಎಲ್ಲಿಂದ ಶುರು ಮಾಡೋದು, ಎಲ್ಲಿಗೆ ನಿಲ್ಲಿಸೋದು ಅಂತ ಗೊತ್ತಾಗಲ್ಲ. ಅದಕ್ಕೇ ಒಂದೇ ವಿಷಯ ಹಿಡಿದುಕೊಂಡು ಬಂದಿದ್ದೇವೆ. ನಲವತ್ತು ದಾಟಿದ ಹೆಂಗಸರಲ್ಲಿ ಹೊಟ್ಟೆಯ ಸುತ್ತ ಸೇರುವ ಬೊಜ್ಜು ಮತ್ತು ಅದರಿಂದ ರಕ್ತನಾಳದ ಗೋಡೆಗೆ ಆಗುವ ಕೆಡುಕು.

ಈ ವಿಷಯವೇ ಯಾಕೆ ಅಂದರೆ, ಕಾರಣ ಈ ಡೈರಿಯಲ್ಲೇ ಇದೆ. ಬೆಳಗ್ಗೆ ಸ್ವಲ್ಪ ಬೇಗ ಬಂದು ಹಾಲು ಹಾಕಿಸಿಕೊಳ್ಳೋದನ್ನ ನೋಡುತ್ತ ನಿಂತಿದ್ದೆವು. ಪ್ರತಿಯೊಬ್ಬರ ಹಾಲಿಗೂ ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು ಎಂದು ಮಷೀನಿನಲ್ಲಿ ನೋಡಿ ಚೀಟಿ ಕೊಡುತ್ತಾರೆ. ನಿನ್ನೆಗಿಂತ ಎರಡು ಪಾಯಿಂಟು ಕಡಿಮೆ ಬಂದರೆ ಟೆಸ್ಟರ್ ಹತ್ರ ಜಗಳಾನೇ ಆಗುತ್ತೆ! ಆಗಲೇಬೇಕು, ಬಟವಾಡೆಯ ಪ್ರಶ್ನೆ. ಆದರೆ ಸ್ವಂತ ಮೈಯಲ್ಲಿ ಫ್ಯಾಟ್ ಎಲ್ಲಿ ಕೂತಿದೆ, ಎಷ್ಟು ಕೂತಿದೆ ಅಂತ ಒಂದು ಸಲವಾದರೂ ಟೇಪು ಹಿಡಿದು ಅಳೆದವರು ಎಷ್ಟು ಜನ, ಕೈ ಎತ್ತಿ ನೋಡೋಣ. ಮೂರು ಕೈ. ಅದರಲ್ಲಿ ಒಬ್ಬರು ಆಶಾ ಕಾರ್ಯಕರ್ತೆ. ಸರಿ, ಹಾಗಾದರೆ ನಾವು ಆರಿಸಿಕೊಂಡ ವಿಷಯ ತಪ್ಪಲ್ಲ.

ಮುಂದೆ ಹೋಗುವ ಮೊದಲು ನಮ್ಮ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಬಿಡುತ್ತೇವೆ. ನಾವು ವೈದ್ಯವೃತ್ತಿ ಶುರು ಮಾಡಿದ ಹೊಸತು. 47 ವರ್ಷದ ಒಬ್ಬ ಹೆಣ್ಣುಮಗಳು ಮೂರು ತಿಂಗಳಲ್ಲಿ ನಾಲ್ಕು ಸಲ ಬಂದರು. ನಿಮ್ಮ ಹಾಗೇ ಎರಡು ಹಸು ಕಟ್ಟಿಕೊಂಡು ಸಂಸಾರ ತೂಗಿಸುತ್ತಿದ್ದವರು. ಮೈಕೈ ತುಂಬಿಕೊಂಡಿದ್ದರು, ಅದರಲ್ಲೂ ಹೊಟ್ಟೆ. "ಸ್ವಾಮಿ, ಹುಲ್ಲಿನ ಹೊರೆ ಎತ್ತಿದ್ರೆ ಏದುಸಿರು, ಎದೆ ಉರಿ, ದವಡೆ ಹಿಡ್ಕೊಂಡಂಗಾಗ್ತದೆ" ಅಂದರು. ನಾವು ಹೊಟ್ಟೆ ಒತ್ತಿ ನೋಡಿ, ಗ್ಯಾಸ್ಟ್ರಿಕ್ ಅಂತ ಹೇಳಿ ಮಾತ್ರೆ ಕೊಟ್ಟು ಕಳಿಸಿದೆವು. ಒಂದಲ್ಲ, ಮೂರು ಸಲ. ಹೆಂಗಸರಿಗೆ, ಅದೂ ಇನ್ನೂ ಐವತ್ತು ಆಗದವರಿಗೆ, ಹೃದಯದ ಕಾಯಿಲೆ ಎಲ್ಲಿಂದ ಬರುತ್ತೆ ಅನ್ನೋ ಭಾವನೆ ನಮ್ಮ ತಲೆಯಲ್ಲೂ ಇತ್ತು. ನಾಲ್ಕನೇ ಸಲ ಬಿ.ಪಿ. ನೋಡಿದೆವು. 180/110. ಅದಾದ ಎರಡು ವಾರಕ್ಕೆ ಹೃದಯಾಘಾತ. ಜೀವ ಉಳಿಯಿತು, ಆದರೆ ಹಸು ಮಾರಿದರು. ಈಗಲೂ ಸಂತೆಯಲ್ಲಿ ಸಿಕ್ಕರೆ ನಗುನಗುತ್ತಾ ಮಾತಾಡಿಸುತ್ತಾರೆ. ನಮಗೇ ಮುಖ ಎತ್ತಿ ನೋಡಕ್ಕೆ ಆಗಲ್ಲ.

ಈಗ ವಿಷಯಕ್ಕೆ ಬರೋಣ. ಹೃದಯದಿಂದ ಶುದ್ಧರಕ್ತವನ್ನು ಮೈಗೆಲ್ಲ ಒಯ್ಯುವ ನಾಳಕ್ಕೆ ಪುಸ್ತಕದಲ್ಲಿ ಅಪಧಮನಿ ಅನ್ನುತ್ತಾರೆ. ರಕ್ತನಾಳ ಅಂದ ಕೂಡಲೇ ನಮಗೆಲ್ಲ ಬೋರ್‌ವೆಲ್ಲಿನ ಪೈಪು ನೆನಪಾಗುತ್ತೆ. ಗಡಸು ನೀರಿನ ಪೈಪಿನಲ್ಲಿ ಸುಣ್ಣ ಕಟ್ಟಿಕೊಂಡ ಹಾಗೆ, ತಿಂದ ಎಣ್ಣೆ ತುಪ್ಪ ನಾಳದೊಳಗೆ ಮೆತ್ತಿಕೊಂಡು ಕಟ್ಟುತ್ತೆ ಅಂತ ತಿಳಿದಿದ್ದೇವೆ. ಇದು ಅರ್ಧ ಸತ್ಯವೂ ಅಲ್ಲ. ಪೈಪಿಗೆ ಜೀವ ಇಲ್ಲ, ನಾಳದ ಗೋಡೆಗೆ ಜೀವ ಇದೆ. ಕೆಡುಕು ಆಗೋದು ಗೋಡೆಯ ಮೇಲಲ್ಲ, ಗೋಡೆಯ ಒಳಗೆ.

ಆ ಗೋಡೆಗೆ ಮೂರು ಪದರ. ಹೊರಗಿನದು ಹೊದಿಕೆ. ನಡುವಿನದು ಸ್ನಾಯು ಮತ್ತು ರಬ್ಬರಿನಂಥ ಎಳೆಗಳಿಂದ ಆದದ್ದು. ಒಳಗಿನ ಪದರದ ಮೇಲೆ, ರಕ್ತಕ್ಕೆ ತಾಗಿಕೊಂಡು, ಒಂದೇ ಒಂದು ಸಾಲು ಜೀವಕೋಶಗಳ ಪೊರೆ ಇದೆ. ಹಾಲು ಕಾಯಿಸಿದಾಗ ಬರುವ ಕೆನೆಗಿಂತ ಎಷ್ಟೋ ತೆಳು. ಇದಕ್ಕೆ ಎಂಡೋಥೀಲಿಯಂ ಎಂದು ಹೆಸರು, ನಾವು ಒಳಪೊರೆ ಅಂತ ಕರೆಯೋಣ. ಮೊದಲು ಇದನ್ನು ಬರೀ ಅಸ್ತರಿ ಬಟ್ಟೆ ಇದ್ದಂಗೆ ಎಂದುಕೊಂಡಿದ್ದರು. ಆಮೇಲೆ ಗೊತ್ತಾಯಿತು, ಈ ಪೊರೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಕ್ಷಣಕ್ಷಣಕ್ಕೂ ತಯಾರು ಮಾಡುತ್ತೆ, ಅದು ನಾಳವನ್ನು ಸಡಿಲಿಸಿ ಹಿಗ್ಗಿಸುತ್ತೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತೆ. ಈ ಅನಿಲದ ಕೆಲಸವನ್ನು ಕಂಡುಹಿಡಿದ ಅಮೆರಿಕದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತೆ. ಬಡಿದಾಗಲೆಲ್ಲ ದೊಡ್ಡ ನಾಳ ಸೈಕಲ್ ಟ್ಯೂಬಿನ ಹಾಗೆ ಹಿಗ್ಗಿ, ಮತ್ತೆ ಕುಗ್ಗಿ ರಕ್ತವನ್ನು ಮುಂದಕ್ಕೆ ತಳ್ಳಬೇಕು. ಗೋಡೆ ಮೆತ್ತಗಿದ್ದರೆ ಹೃದಯಕ್ಕೆ ಕೆಲಸ ಹಗುರ. ಗೋಡೆ ಪೆಡಸಾದರೆ? ಮೋಟಾರು ಹಾಕಿದ ಕೂಡಲೇ ಪಿ.ವಿ.ಸಿ. ಪೈಪು ಧಡ್ ಅಂತ ಒದರೋದನ್ನ ತೋಟದಲ್ಲಿ ನೋಡಿದ್ದೀರಿ. ರಬ್ಬರು ಪೈಪು ಹಾಗೆ ಒದರಲ್ಲ. ಪೆಡಸಾದ ನಾಳದಲ್ಲಿ ಪ್ರತಿ ಬಡಿತದ ಏಟೂ ನೇರವಾಗಿ ಹೋಗಿ ಮಿದುಳು, ಮೂತ್ರಪಿಂಡದ ಸಣ್ಣ ನಾಳಗಳಿಗೆ ಬೀಳುತ್ತೆ. ಈ ಪೆಡಸನ್ನು ಅಳೆಯಲು ಬರುತ್ತೆ. ನಾಡಿಯ ಅಲೆ ಕುತ್ತಿಗೆಯಿಂದ ತೊಡೆಸಂದಿಗೆ ಎಷ್ಟು ವೇಗದಲ್ಲಿ ಹೋಗುತ್ತೆ ಎಂದು ನೋಡುತ್ತಾರೆ. ಸೆಕೆಂಡಿಗೆ 10 ಮೀಟರ್ ದಾಟಿದರೆ ನಾಳ ಪೆಡಸಾಗಿದೆ ಅಂತ ಅರ್ಥ. ಕುತ್ತಿಗೆಯ ನಾಳದ ಗೋಡೆ ಎಷ್ಟು ದಪ್ಪ ಆಗಿದೆ ಅಂತ, ಬಸುರಿಯರಿಗೆ ಮಾಡುವಂಥ ಸ್ಕ್ಯಾನಿನಲ್ಲೇ ನೋಡಬಹುದು. ಈ ಪರೀಕ್ಷೆ ನೀವೆಲ್ಲ ಮಾಡಿಸಬೇಕು ಅಂತ ಹೇಳುತ್ತಿಲ್ಲ. ಆ ಕೆಲಸ ಒಂದು ಟೇಪು, ಒಂದು ಬಿ.ಪಿ. ಮಷೀನಿನಿಂದ ಬಹುಪಾಲು ಆಗುತ್ತೆ, ಮುಂದೆ ಹೇಳುತ್ತೇವೆ.

ಬೊಜ್ಜಿಗೂ ಗೋಡೆಗೂ ಏನು ಸಂಬಂಧ ಅಂತ ಕೇಳಬಹುದು. ಬೊಜ್ಜು ಅಂದರೆ ಕಣಜದಲ್ಲಿ ತುಂಬಿಟ್ಟ ರಾಗಿಯ ಹಾಗೆ ಸುಮ್ಮನೆ ಕೂತಿರುವ ಪದಾರ್ಥ ಅಲ್ಲ. ತೊಡೆ, ಸೊಂಟದ ಹಿಂಭಾಗದಲ್ಲಿ ಚರ್ಮದಡಿ ಇರುವ ಕೊಬ್ಬು ಅಷ್ಟು ಕೇಡು ಮಾಡಲ್ಲ. ಹೊಟ್ಟೆಯ ಒಳಗೆ, ಕರುಳು-ಈಲಿಯ ಸುತ್ತ ಸೇರುವ ಕೊಬ್ಬು ಬೇರೆ ಜಾತಿ. ಅದು ಉರಿಯೂತ ಹೆಚ್ಚಿಸುವ ರಸಗಳನ್ನು ರಕ್ತಕ್ಕೆ ಬಿಡುತ್ತೆ. ನಾಳಕ್ಕೆ ಒಳ್ಳೆಯದು ಮಾಡುವ ಅಡಿಪೊನೆಕ್ಟಿನ್ ಎಂಬ ರಸ ಕಡಿಮೆ ಆಗುತ್ತೆ. ಕೊಬ್ಬಿನಾಮ್ಲ ನೇರ ಈಲಿಗೆ ಹೋಗಿ ಇನ್ಸುಲಿನ್ ಮಾತು ಮೈ ಕೇಳದ ಹಾಗೆ ಮಾಡುತ್ತೆ. ಇದೆಲ್ಲದರ ಏಟು ಬೀಳೋದು ಆ ತೆಳು ಒಳಪೊರೆಗೆ. ನೈಟ್ರಿಕ್ ಆಕ್ಸೈಡ್ ತಯಾರಿಕೆ ಕುಗ್ಗುತ್ತೆ, ನಾಳ ಹಿಗ್ಗೋದು ಮರೆಯುತ್ತೆ. ಪೊರೆ ದುರ್ಬಲವಾದ ಕಡೆ ಕೆಟ್ಟ ಕೊಲೆಸ್ಟರಾಲ್ ಗೋಡೆಯೊಳಗೆ ನುಸುಳಿ ಕೂರುತ್ತೆ. ಅದನ್ನು ತಿಂದು ತೆಗೆಯಲು ಬಂದ ಬಿಳಿ ರಕ್ತಕಣಗಳು ತಾವೇ ಉಬ್ಬಿ ಅಲ್ಲೇ ಸಾಯುತ್ತವೆ. ಹೀಗೆ ಗೋಡೆಯ ಒಳಗೆ ಗಂಟು ಬೆಳೆಯುತ್ತೆ. ಯಾವತ್ತೋ ಒಂದು ದಿನ ಅದರ ಮೇಲ್ಪದರ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತೆ. ಹೃದಯದಲ್ಲಿ ಆದರೆ ಹೃದಯಾಘಾತ, ಮಿದುಳಿನಲ್ಲಿ ಆದರೆ ಲಕ್ವ.

ದಪ್ಪ ಇದ್ದರೆ ಬಿ.ಪಿ. ಬರುತ್ತೆ, ಬಿ.ಪಿ.ಯಿಂದ ಹೃದಯ ಕೆಡುತ್ತೆ, ಬೊಜ್ಜಿನ ಪಾಲು ಅಷ್ಟೇ ಎಂದು ಬಹಳ ಕಾಲ ವಾದ ಇತ್ತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಜನರನ್ನು ವರ್ಷಾನುವರ್ಷ ಪರೀಕ್ಷೆ ಮಾಡುತ್ತ ಬಂದರು. ಅರ್ಧಕ್ಕಿಂತ ಹೆಚ್ಚು ಜನ ಹೆಂಗಸರು. 26 ವರ್ಷದ ಲೆಕ್ಕ ನೋಡಿ 1983ರಲ್ಲಿ ಹೇಳಿದರು: ಬಿ.ಪಿ., ಕೊಲೆಸ್ಟರಾಲ್ ಎಲ್ಲ ಬದಿಗಿಟ್ಟು ನೋಡಿದರೂ ಬೊಜ್ಜು ತಾನೇ ಸ್ವತಂತ್ರವಾಗಿ ಹೃದಯರೋಗಕ್ಕೆ ಕಾರಣ, ಹೆಂಗಸರಲ್ಲೂ ಸಹ. ಆಮೇಲೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನ, ಮೈತೂಕಕ್ಕಿಂತ ಸೊಂಟದ ಅಳತೆಯೇ ಹೃದಯಾಘಾತದ ಮುನ್ಸೂಚನೆ ಚೆನ್ನಾಗಿ ಕೊಡುತ್ತೆ ಎಂದು 2005ರಲ್ಲಿ ತೋರಿಸಿತು. ಇದರ ಮುಂದಾಳು ಡಾ. ಸಲೀಂ ಯೂಸುಫ್. ಅವರು ವೈದ್ಯಕೀಯ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಎಂದು ಹೇಳಿಕೊಳ್ಳಲು ನಮಗೆ ಸ್ವಲ್ಪ ಹೆಮ್ಮೆ.

ಇನ್ನು ನಲವತ್ತು ದಾಟಿದ ಹೆಂಗಸರೇ ಯಾಕೆ? ಇದನ್ನು ಹೇಳೋಕೆ ಸಂಕೋಚ ಬೇಡ, ಗಂಡಸರೂ ಕೇಳಿಸಿಕೊಳ್ಳಲಿ. ಮುಟ್ಟು ಆಗುವಷ್ಟು ಕಾಲ ಅಂಡಾಶಯದಿಂದ ಈಸ್ಟ್ರೋಜನ್ ಎಂಬ ರಸ ಬರುತ್ತಿರುತ್ತೆ. ಅದು ಒಳಪೊರೆಯ ಗೆಳತಿ. ನೈಟ್ರಿಕ್ ಆಕ್ಸೈಡ್ ತಯಾರಿಕೆಗೆ ಒತ್ತಾಸೆ ಕೊಡುತ್ತೆ, ಕೊಬ್ಬನ್ನು ತೊಡೆ-ಸೊಂಟದ ಕಡೆ ಇಟ್ಟಿರುತ್ತೆ. ಹೆಂಗಸರಿಗೆ ಮೊದಲ ಹೃದಯಾಘಾತ ಗಂಡಸರಿಗಿಂತ ಸುಮಾರು 9 ವರ್ಷ ತಡವಾಗಿ ಬರೋದಕ್ಕೆ ಇದೂ ಒಂದು ಕಾರಣ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲೋದು ಸರಾಸರಿ 46-47ಕ್ಕೆ. ನಿಂತ ಮೇಲೆ ಆ ಕಾವಲು ಹೋಗುತ್ತೆ, ಕೊಬ್ಬು ತೊಡೆಯಿಂದ ಹೊಟ್ಟೆಗೆ ಜಾಗ ಬದಲಾಯಿಸುತ್ತೆ. ತೂಕ ಅಷ್ಟೇ ಇದ್ದರೂ ಸೊಂಟ ದಪ್ಪ ಆಗುತ್ತೆ. "ಕುಪ್ಪಸ ಹಳೇದೇ ಆಗ್ತದೆ, ಲಂಗದ ಲಾಡಿ ಮಾತ್ರ ಸಾಲದು" ಅಂತ ಒಬ್ಬರು ನಮ್ಮ ಹತ್ರ ಹೇಳಿದರು. ವೈದ್ಯ ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದರು.

ಅಮೆರಿಕದಲ್ಲಿ 1996ರಲ್ಲಿ ಶುರುವಾದ ಸ್ವಾನ್ ಎಂಬ ಅಧ್ಯಯನದಲ್ಲಿ ಸುಮಾರು 3,300 ನಡುವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಅವರಲ್ಲಿ ಒಂದು ಗುಂಪಿನ ನಾಳಗಳನ್ನು ಅಳೆದು ನೋಡಿದಾಗ, ಕೊನೆಯ ಮುಟ್ಟಿನ ಹಿಂದು-ಮುಂದಿನ ಒಂದು ವರ್ಷದಲ್ಲಿ ಪೆಡಸು ಒಮ್ಮೆಗೇ ವೇಗವಾಗಿ ಏರಿದ್ದು ಕಂಡಿತು. ವಯಸ್ಸಾಯಿತು ಅಂತ ನಿಧಾನಕ್ಕೆ ಏರಿದ್ದಲ್ಲ ಅದು. ಆ ಅಧ್ಯಯನದಲ್ಲಿ ನಮ್ಮ ಭಾರತೀಯ ಹೆಂಗಸರ ಗುಂಪು ಇರಲಿಲ್ಲ ಅನ್ನೋದನ್ನೂ ಹೇಳಬೇಕು. ಆದರೆ ನಮ್ಮವರ ಸ್ಥಿತಿ ಅವರಿಗಿಂತ ಹಗುರ ಅಂದುಕೊಳ್ಳಲು ಕಾರಣ ಇಲ್ಲ, ಬದಲಿಗೆ ಹೆಚ್ಚು ಕಷ್ಟ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋ ಪಕ್ಕಪಕ್ಕ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರಿಗೂ ಒಂದೇ, 22.3. ಮೈಯಲ್ಲಿರುವ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ನೂರಕ್ಕೆ 9.1, ಯಾಜ್ಞಿಕ್ ಅವರಿಗೆ 21.2. ನಾವು ತೆಳ್ಳಗೆ ಕಂಡರೂ ಒಳಗೆ ಕೊಬ್ಬಿರುವ ಜನ. ಅದಕ್ಕೇ ನಮ್ಮ ಹೆಂಗಸರಿಗೆ ಸೊಂಟದ ಗಡಿ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ಅಂತ ಇಟ್ಟಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಅತಿತೂಕದವರು ದೇಶದಲ್ಲಿ ನೂರಕ್ಕೆ 24, ನಮ್ಮ ಕರ್ನಾಟಕದಲ್ಲಿ ಸುಮಾರು 30.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿದವರು ಮನೆಗೊಬ್ಬರು ಸಿಗುತ್ತಾರೆ ಅನಿಸುವಷ್ಟಿದ್ದಾರೆ. ಬಿಳಿ ಹೋಗುತ್ತೆ, ಸೊಂಟ ನೋವು ಅಂತ ಹೋದರೆ "ಮಕ್ಕಳಾಯ್ತಲ್ಲ, ತೆಗೆಸಿಬಿಡಿ" ಅಂತಾರೆ. ತೆಗೆಯಲೇಬೇಕಾದ ಕಾಯಿಲೆಗಳಿವೆ, ಇಲ್ಲ ಅನ್ನಲ್ಲ. ಆದರೆ ಅದರ ಜೊತೆ ಅಂಡಾಶಯವನ್ನೂ ತೆಗೆದರೆ ಆವತ್ತೇ ಈಸ್ಟ್ರೋಜನ್ ನಿಂತ ಹಾಗೆ. 47ಕ್ಕೆ ಬರಬೇಕಾದ ಸ್ಥಿತಿ ರಕ್ತನಾಳಕ್ಕೆ 35ಕ್ಕೇ ಬರುತ್ತೆ. ಆಪರೇಷನ್ನಿಗೆ ಹೆಬ್ಬೆಟ್ಟು ಒತ್ತುವ ಮೊದಲು "ಅಂಡಾಶಯ ಉಳಿಸ್ತೀರಾ, ತೆಗೀತೀರಾ, ಯಾಕೆ" ಅಂತ ಕೇಳಿ. ಇನ್ನೊಬ್ಬ ಡಾಕ್ಟರ ಹತ್ರ ತೋರಿಸಿ. ಹೆಣ್ಣುಮಕ್ಕಳು ಪ್ರಶ್ನೆ ಕೇಳಿದರೆ ಸಿಟ್ಟಾಗುವ ಡಾಕ್ಟರ ಹತ್ರ ಹೋಗಬೇಡಿ. ಮಕ್ಕಳಾಗದ ಹಾಗೆ ಮಾಡಿಸುವ ಆಪರೇಷನ್ ಬೇರೆ, ಅದರಲ್ಲಿ ಅಂಡಾಶಯ ಮುಟ್ಟಲ್ಲ. "ಆಪರೇಷನ್ ಆದ ಮೇಲೆ ದಪ್ಪ ಆದೆ" ಅಂತ ಅದರ ಮೇಲೆ ತಪ್ಪು ಹೊರಿಸೋದು ಸರಿಯಲ್ಲ.

ಹಾಗಾದರೆ ಆ ರಸವನ್ನೇ ಮಾತ್ರೆ ಮಾಡಿ ನುಂಗಬಹುದಲ್ಲ ಎಂದು ಓದಿದ ಹುಡುಗಿಯರು ಕೇಳುತ್ತಾರೆ. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ಇದನ್ನು ಪರೀಕ್ಷಿಸಿದರು. ಹೃದಯಕ್ಕೆ ಉಪಕಾರ ಆಗೋ ಬದಲು ಅಪಾಯವೇ ಹೆಚ್ಚು ಕಂಡು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಬೇರೆ ತೊಂದರೆಗೆ ಡಾಕ್ಟರು ಬರೆದುಕೊಟ್ಟರೆ ಅದು ಬೇರೆ ಮಾತು. ಹೃದಯ ಕಾಯಲಿ ಅಂತ ಅದನ್ನು ತಗೋಬೇಡಿ. ಅಂಡಾಶಯ ಬೇಗ ತೆಗೆಸಿಕೊಂಡವರ ವಿಷಯ ಮಾತ್ರ ಬೇರೆ, ಅವರು ಸ್ತ್ರೀರೋಗ ತಜ್ಞರನ್ನು ಕೇಳಲೇಬೇಕು.

"ನಾವು ಹೊಲದಲ್ಲಿ ದುಡಿಯೋರು, ನಮಗ್ಯಾಕೆ ಬೊಜ್ಜು?" ಎಂದು ಹಿಂದೆ ಕೂತ ಅಮ್ಮ ಕೇಳುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆ. ನಿಮ್ಮ ಅತ್ತೆಯವರ ದಿನವನ್ನು ನೆನೆಸಿಕೊಳ್ಳಿ. ರಾಗಿ ಬೀಸೋದು, ಒರಳಲ್ಲಿ ರುಬ್ಬೋದು, ಬಾವಿಯಿಂದ ನೀರು ಸೇದೋದು, ಸೌದೆ ತರೋದು. ಈಗ ಗಿರಣಿ ಬಂತು, ಮಿಕ್ಸಿ ಬಂತು, ನಲ್ಲಿ ಬಂತು, ಗ್ಯಾಸ್ ಬಂತು, ಹಾಲಿನ ಕ್ಯಾನು ಮಗನ ಬೈಕಿನ ಮೇಲೆ ಹೋಗುತ್ತೆ. ಬಂದಿದ್ದು ಒಳ್ಳೆಯದೇ, ಬೀಸುವ ಕಲ್ಲಿಗೆ ವಾಪಸು ಹೋಗಿ ಅಂತ ನಾವು ಹೇಳಲ್ಲ. ಆದರೆ ಊಟ ಮಾತ್ರ ಅತ್ತೆಯ ಕಾಲದ ಅಳತೆಯಲ್ಲೇ ಉಳಿಯಿತು, ಮೇಲೆ ಹೊಸದೂ ಸೇರಿತು. ಮುದ್ದೆಯ ಜೊತೆ ಅನ್ನ, ಸಂಜೆಗೆ ಬೋಂಡ, ದಿನಕ್ಕೆ ನಾಲ್ಕು ಲೋಟ ಟೀ. ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೂ ದಿನಕ್ಕೆ ಸುಮಾರು 40 ಗ್ರಾಂ ಆಯಿತು. ಇನ್ನೊಂದು, ಮನೆಯ ಹೆಂಗಸು ಎಲ್ಲರ ಊಟ ಆದ ಮೇಲೆ, ರಾತ್ರಿ ಹತ್ತಕ್ಕೆ, ಧಾರಾವಾಹಿ ಮುಗಿಸಿ ಕೂರುತ್ತಾಳೆ. ಮಿಕ್ಕ ಅನ್ನ ಚೆಲ್ಲಬಾರದು, ಅನ್ನ ದೇವರು ಅಂತ ಅದನ್ನೂ ಉಣ್ಣುತ್ತಾಳೆ. ತಾಯಂದಿರೇ, ಮಿಕ್ಕಿದ್ದಕ್ಕೆ ನಿಮ್ಮ ಹೊಟ್ಟೆಯೇ ಆಗಬೇಕೇ? ಕಲಗಚ್ಚಿಗೆ ಸ್ವಲ್ಪ ಹಾಕಿದರೆ ಹಸುವೂ ತಿನ್ನುತ್ತೆ. ಜಾಸ್ತಿ ಹಾಕಬೇಡಿ, ಅನ್ನ ಹೆಚ್ಚಾಗಿ ಹಸುವಿಗೆ ಹೊಟ್ಟೆ ಕೆಟ್ಟರೆ ಕಾರ್ಯದರ್ಶಿಗಳು ನಮ್ಮನ್ನು ಬೈಯುತ್ತಾರೆ.

ಮುದ್ದೆ ಬಿಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮುದ್ದೆ ಇರಲಿ, ಗಾತ್ರ ಚಿಕ್ಕದಾಗಲಿ, ಬಸ್ಸಾರಿನ ಸೊಪ್ಪು-ಕಾಳು ತಟ್ಟೆಯ ಅರ್ಧ ತುಂಬಲಿ, ಮೇಲೆ ಅನ್ನ ಎರಡು ತುತ್ತು ಸಾಕು. ಅಡುಗೆ ಎಣ್ಣೆ ತಿಂಗಳಿಗೆ ಒಬ್ಬರಿಗೆ ಅರ್ಧ ಲೀಟರಿನ ಹತ್ತಿರ ಇರಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಉಪ್ಪು ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ದಾಟಬಾರದು. ಉಪ್ಸಾರು, ಉಪ್ಪಿನಕಾಯಿ, ಹಪ್ಪಳ ಒಂದೇ ಊಟದಲ್ಲಿ ಸೇರಿದರೆ ಅಲ್ಲೇ ದಾಟುತ್ತೆ. ನಿಮ್ಮದೇ ಸಂಘದ ಹಾಲನ್ನು ಕುಡಿಯಬೇಡಿ ಅಂತ ಈ ವೇದಿಕೆಯಿಂದ ಹೇಳುವ ಧೈರ್ಯ ನಮಗಿಲ್ಲ, ಅದರ ಅಗತ್ಯವೂ ಇಲ್ಲ. ಮಜ್ಜಿಗೆ ಧಾರಾಳವಾಗಿ ಕುಡಿಯಿರಿ, ತುಪ್ಪಕ್ಕೆ ಮಾತ್ರ ಲೆಕ್ಕ ಇರಲಿ.

ನಡಿಗೆ ವಾರಕ್ಕೆ 150 ನಿಮಿಷ, ಸ್ವಲ್ಪ ಏದುಸಿರು ಬರುವ ಹಾಗೆ. ನಡೆದಾಗ ರಕ್ತ ಜೋರಾಗಿ ಹರಿದು ಒಳಪೊರೆಯನ್ನು ಸವರುತ್ತೆ, ಆ ಸವರುವಿಕೆಗೇ ಪೊರೆ ನೈಟ್ರಿಕ್ ಆಕ್ಸೈಡ್ ಹೆಚ್ಚು ಬಿಡುತ್ತೆ. ತೂಕ ಇಳಿಯುವ ಮೊದಲೇ ಗೋಡೆಗೆ ಗುಣ ಕಾಣುತ್ತೆ. ಊರಿನಲ್ಲಿ ಸುಮ್ಮನೆ ನಡೆದರೆ "ಇವಳಿಗೇನು ಕೆಲಸ ಇಲ್ವಾ" ಅಂತ ಆಡಿಕೊಳ್ಳುತ್ತಾರೆ, ಗೊತ್ತು. ಸಂಜೆ ಹಾಲನ್ನು ನೀವೇ ನಡೆದು ತಂದು ಹಾಕಿ, ಬೈಕಿನವನಿಗೆ ಬೆಳಗಿನದು ಬಿಡಿ. ಯಾರೂ ಏನೂ ಅನ್ನಲ್ಲ. 70 ಕಿಲೋ ಇರುವವರು ಮೂರೂವರೆ ಕಿಲೋ ಇಳಿಸಿದರೂ ಲಾಭ ಇದೆ, ಒಂದು ಕಿಲೋ ಇಳಿದರೆ ಮೇಲಿನ ಬಿ.ಪಿ. ಸುಮಾರು ಒಂದು ಪಾಯಿಂಟು ಇಳಿಯುತ್ತೆ ಎಂದು ಲೆಕ್ಕ. ಹೊಗೆಸೊಪ್ಪು ಹಾಕುವವರು ಅದನ್ನು ಬಿಡದೆ ಉಳಿದದ್ದೆಲ್ಲ ಮಾಡಿದರೆ ಪ್ರಯೋಜನ ಕಡಿಮೆ.

ಬಿ.ಪಿ. 140/90 ಅಥವಾ ಮೇಲೆ ಎರಡು-ಮೂರು ಬೇರೆ ಬೇರೆ ದಿನ ಬಂದರೆ ಡಾಕ್ಟರನ್ನು ಕಾಣಿ. ಮೂವತ್ತು ದಾಟಿದವರಿಗೆಲ್ಲ ಬಿ.ಪಿ., ಸಕ್ಕರೆ ಪರೀಕ್ಷೆ ಉಪಕೇಂದ್ರದಲ್ಲಿ ಪುಕ್ಕಟೆ, ಮಾತ್ರೆಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. "ಮಾತ್ರೆ ಶುರು ಮಾಡಿದರೆ ಬಿಡಕ್ಕಾಗಲ್ಲ" ಎಂದು ಹೆದರಿ ನುಂಗದೆ ಇರುವವರು ಬಹಳ. ಮಾತ್ರೆ ನುಂಗದೆ ಇದ್ದರೆ ಬಿ.ಪಿ. ಬಿಟ್ಟು ಹೋಗುತ್ತದೆಯೇ? ಸಹಕಾರಿಗಳಿಗೆಂದು 2003ರಲ್ಲಿ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಯಿತು. ಸದಸ್ಯರು ತಪ್ಪದೆ ನೋಂದಾಯಿಸಿ. ಆದರೆ ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ, ದಿನದ ಬಿ.ಪಿ. ಮಾತ್ರೆಗಲ್ಲ.

ಹೆಂಗಸರ ಹೃದಯಾಘಾತ ಎದೆ ಹಿಡಿದುಕೊಂಡು ಬೀಳುವ ಸಿನಿಮಾದ ಹಾಗೇ ಬರಬೇಕೆಂದಿಲ್ಲ. ಎದೆ ಬಿಗಿತದ ಜೊತೆಗೋ, ಅದಿಲ್ಲದೆಯೋ, ವಿಪರೀತ ಸುಸ್ತು, ಬೆವರು, ವಾಕರಿಕೆ, ಉಸಿರು ಸಾಲದಿರುವುದು, ದವಡೆ-ಬೆನ್ನು-ಭುಜ ನೋವು ಬರಬಹುದು. ಕೆಲಸ ಮಾಡಿದಾಗ ಬಂದು ಕೂತಾಗ ಹೋಗುವ ನೋವಾದರೆ ಅವತ್ತೇ ಇ.ಸಿ.ಜಿ. ಮಾಡಿಸಿ. ಕೂತರೂ ಹೋಗದಿದ್ದರೆ ಆ ಗಳಿಗೆಯಲ್ಲೇ 108ಕ್ಕೆ ಫೋನ್ ಮಾಡಿ. ಹಸು ರಾತ್ರಿ ಹನ್ನೊಂದಕ್ಕೆ ಮೇವು ಬಿಟ್ಟರೆ ಪಶುವೈದ್ಯರಿಗೆ ಫೋನ್ ಹೋಗುತ್ತೆ, ಮನೆಯಾಕೆಗೆ ಎದೆ ನೋವು ಬಂದರೆ ಸೋಡಾ ಕೊಟ್ಟು ಮಲಗಿಸುತ್ತಾರೆ. ಮುಂದೆ ಕೂತಿರುವ ಗಂಡಸರಿಗೆ ಹೇಳುತ್ತಿದ್ದೇವೆ. ಡಾಕ್ಟರು ನಮ್ಮ ಹಾಗೆ ಬರೀ ಹೊಟ್ಟೆ ಒತ್ತಿ ಗ್ಯಾಸ್ಟ್ರಿಕ್ ಅಂದರೆ, "ಬಿ.ಪಿ. ನೋಡಿ, ಇ.ಸಿ.ಜಿ. ತೆಗೀರಿ" ಅಂತ ನೀವೇ ಕೇಳಿ.

ಸಂಘಕ್ಕೆ ನಮ್ಮದೊಂದು ಅರಿಕೆ ಇದೆ, ಅಧ್ಯಕ್ಷರ ಕಿವಿಗೆ ಆಗಲೇ ಹಾಕಿದ್ದೇವೆ. ಹಾಲು ಅಳೆಯುವ ಈ ಕೋಣೆಯಲ್ಲೇ ಒಂದು ಬಿ.ಪಿ. ಮಷೀನು, ಒಂದು ದರ್ಜಿ ಟೇಪು ಇಡಿಸಿ. ತಿಂಗಳಿಗೊಂದು ಬಟವಾಡೆಯ ದಿನ ಆಶಾ ಕಾರ್ಯಕರ್ತೆಯವರು ಬಂದು ಅಳೆದು ಬರೆದುಕೊಳ್ಳಲಿ. ಲಾಭಾಂಶದಲ್ಲಿ ಇದೇನು ದೊಡ್ಡ ಖರ್ಚಲ್ಲ. ಅಧ್ಯಕ್ಷರು ತಲೆ ಆಡಿಸಿದ್ದಾರೆ, ಸಭೆಯ ನಡವಳಿಯಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು.

ಇವತ್ತಿಗೆ ನಾವೇ ಟೇಪು, ಮಷೀನು ತಂದಿದ್ದೇವೆ. ಪಕ್ಕದ ಕೋಣೆಯಲ್ಲಿ ನಮ್ಮ ಸಿಸ್ಟರ್ ಕೂತಿದ್ದಾರೆ. ಟೇಪನ್ನು ಸೀರೆಯ ನೆರಿಗೆಯ ಮೇಲೆ ಸುತ್ತಬಾರದು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಮೈಗೆ ತಾಗಿಸಿ, ಉಸಿರು ಬಿಟ್ಟು ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡರೆ ಅಳತೆ ತಪ್ಪುತ್ತೆ, ಸಿಸ್ಟರಿಗೆ ಗೊತ್ತಾಗುತ್ತೆ. ಈಗ ತಾನೇ ಕಾಫಿ ಕುಡಿದವರು ಅರ್ಧ ಗಂಟೆ ಬಿಟ್ಟು ಬನ್ನಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ ಬಿ.ಪಿ. ನೋಡುತ್ತಾರೆ. ನಲವತ್ತು ದಾಟಿದವರು ಮೊದಲು, ಗರ್ಭಕೋಶ ತೆಗೆಸಿದವರು ವಯಸ್ಸು ಎಷ್ಟೇ ಇರಲಿ, ಅವರ ಜೊತೆಗೇ ಬನ್ನಿ. ಬೆಳ್ಳಿಹಬ್ಬದ ಊಟ ಒಂದೂವರೆಗೆ ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ, ಅಷ್ಟರೊಳಗೆ ಎಲ್ಲರದ್ದೂ ಮುಗಿಯುತ್ತೆ.